ಹಳೇ ಟಕೀಲಾಗೆ ನಾನು ಬೆಲೆ ಕಟ್ಟುವ ರೀತಿ

ಕಳೆದ ತಿಂಗಳು ನಮ್ಮ ಗೆಳೆಯರ ಗುಂಪಿನಲ್ಲಿ ಹೆಸರು ಮುಚ್ಚಿ ಟಕೀಲಾ ರುಚಿ ನೋಡಿದಾಗ ನಾಲ್ಕನೇ ಸಲವೂ ನನ್ನ ಲೆಕ್ಕವೇ ಸರಿ ಬಂತು. ಎರಡು ವರ್ಷದಿಂದ "ಸುಮ್ನೆ ದುಡ್ಡು ದಂಡ" ಅನ್ನುತ್ತಿದ್ದವರು ಈಗ ದೊಡ್ಡ ಬೆಲೆಯ ಬಾಟಲಿ ಕೊಳ್ಳುವ ಮುಂಚೆ ನನಗೆ ಫೋನ್ ಮಾಡುತ್ತಾರೆ. ಹೇಗೆ ಮಾಡಿದೆ ಅಂತ ಬರೆದಿಡೋಣ ಅನ್ನಿಸಿತು.

ಕೆಲಸಕ್ಕೆ ಅಂತ ಮೆಕ್ಸಿಕೊದ ಗ್ವಾದಲಹಾರಾಗೆ ಬಂದು ಆರು ವರ್ಷವಾಯಿತು. ಟಕೀಲಾ ಮದ್ಯಕ್ಕೆ ಹೆಸರು ಕೊಟ್ಟ ಊರು ಇಲ್ಲಿಂದ ಸುಮಾರು 60 ಕಿಲೋಮೀಟರ್. ಮರದಲ್ಲಿ ಮಾಗಿಸದ ಟಕೀಲಾ ಬ್ಲಾಂಕೊ, ಕೆಲವು ತಿಂಗಳು ಓಕ್ ಮರದಲ್ಲಿ ಇಟ್ಟದ್ದು ರೆಪೊಸಾದೊ. ನನ್ನನ್ನು ಕಾಡಿದ್ದು ಎಕ್ಸ್‌ಟ್ರಾ ಆನ್ಯೆಹೊ. 2006ರಲ್ಲಿ ಈ ವರ್ಗ ಶುರುವಾಯಿತು. ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಆ 3 ವರ್ಷಕ್ಕೆ ಎಷ್ಟು ಕೊಡಬಹುದು?

ಮೊದಲ ಬಾಟಲಿಯಲ್ಲೇ ಏಟು ಬಿತ್ತು. ಬಣ್ಣ ಬಳಿದ ಪಿಂಗಾಣಿ ಬಾಟಲಿ, ಸುಮಾರು 4,500 ಪೆಸೊ. ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರದ ಆಸುಪಾಸು. ಮೊದಲ ಗುಟುಕಿಗೆ ವೆನಿಲ್ಲಾ, ಕ್ಯಾರಮೆಲ್, ರೇಷ್ಮೆಯಂಥ ನುಣುಪು. ಎಲ್ಲರೂ ಹೊಗಳಿದರು. ಮೂರನೇ ವಾರಕ್ಕೆ ಬಾಯಿಗೆ ಜಿಡ್ಡು ಜಿಡ್ಡು, ಬರೀ ಸಿಹಿ. ಕ್ಯಾರಮೆಲ್ ಬಣ್ಣ, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ, ಇವನ್ನೆಲ್ಲ ನೂರಕ್ಕೆ ಒಂದು ಪಾಲಿನವರೆಗೆ ಸೇರಿಸಲು ಕಾನೂನೇ ಬಿಡುತ್ತದೆ ಅಂತ ಓದಿದ್ದೆ. ಆದರೆ ನಾಲಿಗೆಗೆ ಅದು ಗೊತ್ತಾಗಿರಲಿಲ್ಲ.

ಆಮೇಲೆ ಅಂಗೈಗೆ ಎರಡು ಹನಿ ಹಾಕಿ ಉಜ್ಜಿ, ಮೂಸಿ ನೋಡುವ ಉಪಾಯ ಹಿಡಿದೆ. ಅಂಟಿದರೆ ಏನೋ ಬೆರೆತಿದೆ ಅಂತ. ಬ್ಲಾಂಕೊಗೆ ಪರವಾಗಿಲ್ಲ. ಹಳೇ ಟಕೀಲಾದಲ್ಲಿ ಮರದ ವಾಸನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹತ್ತು ಬಾಟಲಿಯಲ್ಲಿ ನಾಲ್ಕೈದು ಸಲ ತಪ್ಪಿದೆ. ಬಿಟ್ಟೆ.

ಮಧ್ಯದಲ್ಲಿ ಇನ್ನೊಂದು ಸಾಹಸ. 2 ಲೀಟರಿನ ಪುಟ್ಟ ಓಕ್ ಪೀಪಾಯಿ ತಂದೆ, 1,200 ಪೆಸೊ ಇರಬೇಕು. ಅದರಲ್ಲಿ ಒಳ್ಳೇ ಬ್ಲಾಂಕೊ ತುಂಬಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಮೂರು ತಿಂಗಳಿಗೆ ಬಣ್ಣ ಐದು ವರ್ಷದ್ದರ ಹಾಗೆ! ಕುಡಿದರೆ ಬಡಗಿಯ ಅಂಗಡಿಯ ಹೊಟ್ಟು. ಪೀಪಾಯಿ ಚಿಕ್ಕದಾದಷ್ಟು ಪ್ರತಿ ಲೀಟರಿಗೆ ತಾಗುವ ಮರ ಜಾಸ್ತಿ, ಅಲ್ವಾ? ಮರದ ರುಚಿ ಬೇಗ ಹತ್ತುತ್ತದೆ, ಒಳಗಿನದು ಮಾಗಲು ಹೊತ್ತೇ ಸಿಗುವುದಿಲ್ಲ. ಆ ಪೀಪಾಯಿ ನಷ್ಟವೇ. ಆದರೆ ಬಣ್ಣ ನೋಡಿ ಬೆಲೆ ಕಟ್ಟುವ ಚಟ ಅಂದಿಗೆ ಹೋಯಿತು.

ದಾರಿ ಸಿಕ್ಕಿದ್ದು ಟಕೀಲಾ ಮಾಡುವ ಇನ್ನೊಂದು ಊರು ಆರಾಂದಾಸ್ ಕಡೆಗೆ ಹೋದಾಗ. ಅಲ್ಲಿ ನಮ್ಮ ಕಡೆಯಂಥದೇ ಕೆಮ್ಮಣ್ಣು. ಸಾಲು ಸಾಲು ನೀಲಿ ಅಗಾವೆ, ಟಕೀಲಾ ತೆಗೆಯುವ ಗಿಡ, ನಮ್ಮ ಹೊಲದ ಬದುವಿನ ಕತ್ತಾಳೆಯ ನೆಂಟ. ಇಟ್ಟಿಗೆ ಒಲೆಯಿಂದ ಬೆಂದ ಗಡ್ಡೆ ತೆಗೆಯುತ್ತಿದ್ದರು. ಒಂದು ಚೂರು ಅಗಿದೆ. ಸುಟ್ಟ ಗೆಣಸಿನ ರುಚಿ, ಹಿಂದೆಯೇ ಆಲೆಮನೆಯ ಬಿಸಿ ಬೆಲ್ಲದ ವಾಸನೆ. ನಾನು ಮಂಡ್ಯದವನು, ಆ ವಾಸನೆ ಮರೆಯುವುದುಂಟೇ? ನಾಲ್ಕೈದು ವರ್ಷ ಮರದಲ್ಲಿ ಕೂತ ಮೇಲೂ ಈ ಗೆಣಸು ಉಳಿದಿದೆಯಾ ಅಂತ ನೋಡಬೇಕು. ಉಳಿದಿದ್ದರೆ ದುಡ್ಡು ಕೊಡಬಹುದು. ಇಲ್ಲದಿದ್ದರೆ ವಿಸ್ಕಿಯನ್ನೇ ಕೊಳ್ಳಬಹುದಲ್ಲ.

ಅಲ್ಲಿಂದ ಹಳೇ ಟಕೀಲಾವನ್ನು ಒಂಟಿಯಾಗಿ ಕುಡಿದು ನೋಡುವುದನ್ನು ನಿಲ್ಲಿಸಿದೆ. ಅದೇ ಕಂಪನಿಯ ಬ್ಲಾಂಕೊ ಪಕ್ಕದಲ್ಲಿ ಇರಲೇಬೇಕು. ಯಾವ ಕಾರ್ಖಾನೆಯದು ಅಂತ ಹೇಳುವ, ಬಾಟಲಿಯ ಮೇಲಿನ ನೋಮ್ ಸಂಖ್ಯೆ ಒಂದೇ ಇದ್ದರೆ ಸಾಲದು. ಒಂದೇ ಕಾರ್ಖಾನೆ ಹತ್ತಾರು ಹೆಸರಿನ ಟಕೀಲಾ ಮಾಡುತ್ತದೆ. ಹೆಸರೂ ಒಂದೇ ಇರಬೇಕು. ಬಾಯಿ ಕಿರಿದಾದ ಗ್ಲಾಸಿಗೆ 20 ಮಿಲಿ, ಮೇಲೆ ತಟ್ಟೆ ಮುಚ್ಚಿ ಕಾಲು ಗಂಟೆ. ಮೊದಲು ಬ್ಲಾಂಕೊ ಮೂಸಿ ಅದರ ಗೆಣಸನ್ನು ಮೂಗಿಗೆ ಕೂರಿಸಿಕೊಳ್ಳುತ್ತೇನೆ. ಆಮೇಲೆ ಹಳೆಯದರಲ್ಲಿ ಅದನ್ನೇ ಹುಡುಕುತ್ತೇನೆ. ನಡುವೆ ನೀರು ಹಾಕುತ್ತೇನೆ. ಎಷ್ಟು ಹನಿ, ಯಾವ ಗಳಿಗೆಯಲ್ಲಿ ಅನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ಒಂದೂವರೆ ವರ್ಷ ಹಿಡಿದಿದೆ.

ಕೊನೆಯ ಪರೀಕ್ಷೆ ಮರುದಿನ ಬೆಳಿಗ್ಗೆ. ಗ್ಲಾಸು ತೊಳೆಯದೆ ಇಟ್ಟು, ಕಾಫಿಗೆ ಮುಂಚೆ ಮೂಸುವುದು. ಒಳ್ಳೆಯದರಲ್ಲಿ ಬೆಲ್ಲ, ಒಣ ಹುಲ್ಲು, ಕೊಂಚ ಮೆಣಸು ಇರುತ್ತದೆ. ಆ ಪಿಂಗಾಣಿ ಬಾಟಲಿಯ ಗ್ಲಾಸಿನಲ್ಲಿ ಬರೀ ಮಿಠಾಯಿ ವಾಸನೆ, ತಳದಲ್ಲಿ ಅಂಟು.

"ಬೆಲೆ ಗೊತ್ತಿರೋದಕ್ಕೇ ನಿನಗೆ ಹಾಗೆ ಅನ್ಸೋದು" ಅಂದರು ಗೆಳೆಯರು. ಸರಿ, ಹೆಸರು ಮುಚ್ಚಿಯೇ ನೋಡೋಣ ಅಂದೆ. ಐದು ಗ್ಲಾಸು. ನನ್ನ ಹೆಂಡತಿ ಕುಡಿಯುವುದಿಲ್ಲ, ಹಾಗಾಗಿ ಸುರಿದು ನಂಬರ್ ಹಾಕುವ ಕೆಲಸ ಅವಳದು. ನಾಲ್ಕು ಸುತ್ತಿನಲ್ಲಿ ಮೂರು ಸಲ ಪಿಂಗಾಣಿ ಬಾಟಲಿ ಎಲ್ಲರ ಪಟ್ಟಿಯಲ್ಲೂ ಕೊನೆಗೆ ಬಂತು. ನಾಲ್ಕು ಸಲವೂ ಮೇಲೆ ಬಂದದ್ದು ಎಲ್ ತೆಸೋರೊ ಕಂಪನಿಯ ಪಾರಾಡಿಸೊ ಅನ್ನುವ ಎಕ್ಸ್‌ಟ್ರಾ ಆನ್ಯೆಹೊ. ನಾನು ನಾಲ್ಕು ಸಲವೂ ಅದನ್ನು ಗುರುತು ಹಿಡಿದೆ. ಅವರದು ಆರಾಂದಾಸ್ ಹತ್ತಿರದ ಲಾ ಅಲ್ತೇನ್ಯಾ ಭಟ್ಟಿ. ಬೆಂದ ಅಗಾವೆಯನ್ನು ಇವತ್ತಿಗೂ ತಾಹೋನಾ ಅನ್ನುವ ದೊಡ್ಡ ಕಲ್ಲಿನ ಗಾಲಿಯಲ್ಲೇ ಅರೆಯುತ್ತಾರೆ. ಪಾರಾಡಿಸೊ 5 ವರ್ಷದ್ದು, ಕೊನೆಗೆ ಕೊನ್ಯಾಕ್ ಬ್ರಾಂಡಿ ಇಟ್ಟಿದ್ದ ಪೀಪಾಯಿಯಲ್ಲಿ ಇಟ್ಟದ್ದು. ಅಷ್ಟಾದರೂ ಗೆಣಸು ಅಡಗಿಲ್ಲ.

ಈಗ ದುಡ್ಡಿನ ಮಾತು. ಹಳೆಯದರ ಬೆಲೆಯನ್ನು ಅದೇ ಹೆಸರಿನ ಬ್ಲಾಂಕೊ ಬೆಲೆಯಿಂದ ಭಾಗಿಸುತ್ತೇನೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾದರೆ, ಇಲ್ಲಿಯ ಹಲಿಸ್ಕೊ ರಾಜ್ಯದ ಬಿಸಿಲಿಗೆ ಇನ್ನೂ ಜಾಸ್ತಿ ಹೋಗುತ್ತದೆ. ಅದರ ಜೊತೆ ಪೀಪಾಯಿಯ ಖರ್ಚು, ಐದು ವರ್ಷ ಕಟ್ಟಿಹಾಕಿದ ಬಂಡವಾಳದ ಬಡ್ಡಿ. ಎಷ್ಟೇ ಧಾರಾಳವಾಗಿ ಹಾಕಿದರೂ ನನ್ನ ಲೆಕ್ಕ ಮೂರು ಪಟ್ಟು ದಾಟುವುದಿಲ್ಲ. ಪಾರಾಡಿಸೊವನ್ನು ಅಮೆರಿಕದಿಂದ ಬಂದ ಗೆಳೆಯ ತಂದುಕೊಟ್ಟಾಗ 130 ಡಾಲರ್ ಹತ್ತಿರ, ಅದರ ಬ್ಲಾಂಕೊ 45. ಮೂರಕ್ಕಿಂತ ಚೂರು ಕಮ್ಮಿ. ಪಿಂಗಾಣಿಯದು ಒಂಬತ್ತು ಪಟ್ಟು!

ಕ್ರಿಸ್ತಾಲಿನೊಗಳನ್ನೂ ಹೀಗೇ ಅಳೆದೆ. ವರ್ಷಗಟ್ಟಲೆ ಮಾಗಿಸಿ, ಇದ್ದಿಲಲ್ಲಿ ಸೋಸಿ ಬಣ್ಣ ತೆಗೆಯುತ್ತಾರೆ. ಬಣ್ಣದ ಜೊತೆ ರುಚಿಯೂ ಹೋಗುತ್ತದೆ. ನನ್ನ ಪಟ್ಟಿಯಲ್ಲಿ ಒಂದೂ ಪಾಸಾಗಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಸುಂಕವಿಲ್ಲದೆ ತರಲು ಬಿಡುವ 2 ಲೀಟರಿನಲ್ಲಿ ಒಂದು ಪಾರಾಡಿಸೊ, ಒಂದು ಬ್ಲಾಂಕೊ. ಬೆಂಗಳೂರಿನ ಗೆಳೆಯರು ಗ್ಲಾಸುಗಳನ್ನು ಸೋಪು ಹಾಕದೆ, ಬಿಸಿನೀರಲ್ಲಿ ತೊಳೆದಿಟ್ಟಿರಲಿ.