ರೊಟ್ಟಿ ಬುತ್ತಿ ಕಟ್ಟಿಕೊಂಡು ಹಿಮಕ್ಕೆ ಹೋದದ್ದು: ನನ್ನ ಅನುಭವ

ಮೂರು ಸಲ ಸೋತ ಮೇಲೆ ನಾಲ್ಕನೇ ಸಲ ಆಯಿತು. ದಾವಣಗೆರೆಯಿಂದ ಮನಾಲಿ ಹತ್ತಿರದ ಸೋಲಂಗ್‌ವರೆಗೆ ಕಾರಲ್ಲೇ ಹೋದೆವು, ಆರು ದಿನ ಸ್ಕೀಯಿಂಗ್ ಮಾಡಿದೆವು, ಕಾರಲ್ಲೇ ವಾಪಸ್ ಬಂದೆವು. ನಾಲ್ಕು ಜನ. ಒಬ್ಬರ ಹೊಟ್ಟೆಯೂ ಕೆಡಲಿಲ್ಲ. ಹೊರಡುವ ಮುಂಚೆ ನಮ್ಮ ಭಾವ ಅಂಗಡಿಗೆ ಬಂದು, ಡಬ್ಬಿಗೆ ತುಂಬುತ್ತಿದ್ದ ರೊಟ್ಟಿ ನೋಡಿ, "ಹಿಮಾಲಯಕ್ಕೆ ಹೋಗ್ತೀರೋ, ಎಲ್ಲಮ್ಮನ ಜಾತ್ರೆಗೆ ಹೋಗ್ತೀರೋ?" ಅಂತ ನಕ್ಕಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಕೀ ಹೇಗೆ ಕಟ್ಟಬೇಕು, ಹಿಮದಲ್ಲಿ ಟೈರಿಗೆ ಚೈನ್ ಯಾವಾಗ ಹಾಕಬೇಕು ಅನ್ನೋದು ಹೋಗುವವರಿಗೆ ಗೊತ್ತೇ ಇರುತ್ತದೆ. ನಾನು ಹೇಳೋದು ದಾರಿಯ ಊಟದ ಬಗ್ಗೆ. ಹೋಗುವಾಗ ಎರಡೂವರೆ ಸಾವಿರ ಕಿಲೋಮೀಟರ್, ಬರುವಾಗ ಅಷ್ಟೇ. ಟ್ರಿಪ್ ಕೆಡೋದು ಹಿಮದಲ್ಲಲ್ಲ, ಢಾಬಾದಲ್ಲಿ.

2018ರಲ್ಲಿ ಮೊದಲ ಸಲ ಹೋದಾಗ ಪುಣೆ, ಸೂರತ್, ಉದಯಪುರದ ದಾರಿ ಹಿಡಿದಿದ್ದೆವು. ಹಸಿದಲ್ಲಿ ನಿಲ್ಲಿಸಿ ಸಿಕ್ಕಿದ್ದು ತಿನ್ನೋದು, ಅದೇ ನಮ್ಮ ಪ್ಲ್ಯಾನ್. ಮೂರನೇ ರಾತ್ರಿ ಒಂದು ಢಾಬಾದಲ್ಲಿ ಪನೀರ್ ತಿಂದೆವು. ಬೆಳಗ್ಗೆ ಹೊತ್ತಿಗೆ ಇಬ್ಬರು ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಜೈಪುರದಲ್ಲಿ ಎರಡು ದಿನ ಲಾಡ್ಜ್, ಒಬ್ಬನಿಗೆ ಡ್ರಿಪ್. ಸ್ಕೀ ಕಲಿಸುವವರಿಗೆ ಕೊಟ್ಟ ಅಡ್ವಾನ್ಸ್ 14 ಸಾವಿರ ನೀರುಪಾಲು. ದಾರಿಯ ಊಟಕ್ಕೇ ಹದಿನೆಂಟು ಸಾವಿರದ ಹತ್ತಿರ ಹೋಗಿತ್ತು. ಸೋಲಂಗ್‌ನಲ್ಲಿ ಉಳಿದದ್ದು ಒಂದೂವರೆ ದಿನ. ಬೂಟು ಹಾಕೋದು ಕಲಿಯುವಷ್ಟರಲ್ಲಿ ವಾಪಸ್.

2020ರಲ್ಲಿ ಸಿಟ್ಟಿಗೆದ್ದು ಉಲ್ಟಾ ಮಾಡಿದೆ. ಹೊರಗಿನದು ಒಂದು ತುತ್ತೂ ಬೇಡ ಅಂದೆ. ಚಿತ್ರಾನ್ನ, ಚಪಾತಿ, ಪುಳಿಯೋಗರೆ ಗೊಜ್ಜು, ಜೊತೆಗೆ ಗ್ಯಾಸ್ ಸ್ಟೌವ್. ಎರಡನೇ ದಿನ ಮಧ್ಯಾಹ್ನಕ್ಕೆ ಚಪಾತಿ ವಾಸನೆ ಬಂತು. ಆಮೇಲೆ ರಸ್ತೆ ಬದಿ ಉಪ್ಪಿಟ್ಟು. ಗಾಳಿಗೆ ಸ್ಟೌವ್ ಆರೋದು, ಮತ್ತೆ ಹಚ್ಚೋದು, ಪಾತ್ರೆ ತೊಳೆಯೋಕೆ ನೀರು ಹುಡುಕೋದು. ಒಂದು ಉಪ್ಪಿಟ್ಟಿಗೆ ಒಂದೂವರೆ ಗಂಟೆ! ಇಂದೋರಿನಲ್ಲಿ ಗೆಳೆಯನೊಬ್ಬ "ಪೇಪರ್ ತರ್ತೀನಿ" ಅಂತ ಹೋಗಿ, ಒಬ್ಬನೇ ಎರಡು ಪ್ಲೇಟ್ ಪೋಹಾ ಜಿಲೇಬಿ ತಿಂದು ಬಂದ. ಮೀಸೆಯಲ್ಲಿ ಸೇವ್ ಸಿಕ್ಕಿಹಾಕಿಕೊಂಡಿತ್ತು. ಆ ಜಗಳ ಜೈಪುರದವರೆಗೂ ಮುಗಿಯಲಿಲ್ಲ.

2023ರಲ್ಲಿ ರೊಟ್ಟಿ ಯೋಚನೆ ಬಂತು. ಯೋಚನೆ ಸರಿಯಿತ್ತು, ಕಟ್ಟಿದ್ದು ಸರಿಯಿರಲಿಲ್ಲ. ಬ್ಯಾಗುಗಳ ಕೆಳಗೆ ಇಟ್ಟ ಖಡಕ್ ರೊಟ್ಟಿ ಸೊಲ್ಲಾಪುರಕ್ಕೆ ಹೋಗುವಷ್ಟರಲ್ಲಿ ಪುಡಿ. ಐದು ದಿನ ಚಮಚದಲ್ಲಿ ರೊಟ್ಟಿ ತಿಂದೆವು. ಅದೇ ಸಲ ಕೋಟಾ ದಾಟಿದ ಮೇಲೆ ನಾನು ಮಧ್ಯಾಹ್ನ ಹೊಟ್ಟೆ ತುಂಬಾ ಅನ್ನ ಉಂಡು ಸ್ಟೀರಿಂಗ್ ಹಿಡಿದೆ. ಕಣ್ಣು ಮುಚ್ಚಿದ್ದು ಒಂದು ಕ್ಷಣ ಇರಬೇಕು. ಡಿವೈಡರ್‌ಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಬಂಪರಿಗೆ 11 ಸಾವಿರ. ಅವತ್ತಿಂದ ಸೂರ್ಯ ಮುಳುಗುವ ಮುಂಚೆ ಡ್ರೈವರಿಗೆ ಅನ್ನ ಇಲ್ಲ. ಇದರಲ್ಲಿ ರಾಜಿ ಇಲ್ಲ.

ಈ ಫೆಬ್ರವರಿಯಲ್ಲಿ ಮಾಡಿದ್ದು ಇಷ್ಟು. ಹಗಲು ನಮ್ಮ ಬುತ್ತಿ. ದಿನಕ್ಕೆ ಒಂದೇ ಒಂದು ಕಡೆ ಹೊರಗಿನ ತಿಂಡಿ, ಅದೂ ಆ ಊರಿನವರು ತಾವೇ ಸಾಲು ನಿಂತು ತಿನ್ನುವ ಒಂದೇ ಐಟಂ, ಅವರು ತಿನ್ನುವ ಹೊತ್ತಿಗೇ. ಮೆನು ಕಾರ್ಡು ಮುಟ್ಟೋ ಹಾಗಿಲ್ಲ. ರಾತ್ರಿ ಲಾಡ್ಜಿನಲ್ಲಿ ಬಿಸಿ ಅನ್ನ, ಬೇಳೆ, ಮಲಗೋದು.

ಬುತ್ತಿ ಅಂದರೆ 120 ಖಡಕ್ ಜೋಳದ ರೊಟ್ಟಿ. ಖಾನಾವಳಿಯವರಿಗೆ ವಾರದ ಮುಂಚೆ ಹೇಳಿ ಮಾಡಿಸಿದ್ದು, ಒಂದಕ್ಕೆ 12 ರೂಪಾಯಿ ಇರಬೇಕು. ನೀರಿನಂಶ ಇಲ್ಲದ್ದಕ್ಕೆ ಬೂಸ್ಟು ಹಿಡಿಯೋಕೆ ಜಾಗವೇ ಇಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಒಂದೊಂದು ಕೆಜಿ. ಅಂಟಿನ ಉಂಡೆ ಎರಡು ಕೆಜಿ. ರೊಟ್ಟಿಯನ್ನು ಅಗಲ ಸ್ಟೀಲ್ ಡಬ್ಬಿಯಲ್ಲಿ ಅಡ್ಡಡ್ಡ ಜೋಡಿಸದೆ, ಪುಸ್ತಕದ ಹಾಗೆ ನಿಲ್ಲಿಸಿ ಇಡಬೇಕು. ಹತ್ತು ರೊಟ್ಟಿಗೊಂದು ಸಲ ಮಧ್ಯೆ ಏನಿಡುತ್ತೇನೆ ಅನ್ನೋದು ಹೇಳಲ್ಲ. ಪ್ಲಾಸ್ಟಿಕ್ ಅಲ್ಲ, ಥರ್ಮಾಕೋಲ್ ಅಲ್ಲ, ಅಷ್ಟು ಸಾಕು. ವಾಪಸ್ ಬಂದಾಗ ಮುರಿದಿದ್ದವು ಆರೋ ಏಳೋ.

ಇನ್ನು ಮಂಡಕ್ಕಿ. ದಾವಣಗೆರೆಯವರಿಗೆ ಮಂಡಕ್ಕಿ ಬಗ್ಗೆ ಪಾಠ ಮಾಡೋಕೆ ಹೋಗಲ್ಲ. ಹೊರಡುವ ಹಿಂದಿನ ಸಂಜೆ ಭಟ್ಟಿಯಿಂದ ಬಿಸಿಬಿಸಿ ತಂದು, ಒಣ ಒಗ್ಗರಣೆ ಕೊಟ್ಟು, ಹುರಿಗಡಲೆ ಪುಡಿ ಹಚ್ಚಿದ್ದು. ಈರುಳ್ಳಿ, ಟೊಮೆಟೊ ಬೇಡ, ಮೆತ್ತಗಾಗುತ್ತದೆ. ಡ್ರೈವರಿಗೆ ಅರ್ಧ ಗಂಟೆಗೊಂದು ಮುಷ್ಟಿ. ಹೊಟ್ಟೆ ಭಾರ ಆಗಲ್ಲ, ಬಾಯಿ ಆಡುತ್ತಲೇ ಇರುತ್ತದೆ. ನನಗಂತೂ ಕಾಫಿಗಿಂತ ಇದು ಮೇಲು. ಕಾಫಿ ಕುಡಿದರೆ ಮತ್ತೆ ನಿಲ್ಲಿಸಬೇಕು, ಅಲ್ವಾ? ಎಲ್ಲ ಸೇರಿ ಬುತ್ತಿಗೆ ಬಿದ್ದದ್ದು ನಾಲ್ಕೂವರೆ ಸಾವಿರ, ದಾರಿಯ ತಿಂಡಿಗೆ ಹೋಗಿ ಬರಲು ಐದು ಸಾವಿರ. 2018ರ ಅರ್ಧ. ಡೀಸೆಲ್ 30 ಸಾವಿರ ದಾಟಿತು, ಟೋಲ್ ಏಳೆಂಟು ಸಾವಿರ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಬೆಳಗಿನ ಮೂರೂವರೆಗೆ ದುಗ್ಗಮ್ಮನ ಗುಡಿ ಮುಂದೆ ನಿಂಬೆಹಣ್ಣು ಟೈರಿನ ಕೆಳಗಿಟ್ಟು ಹೊರಟೆವು. ಹರಿಹರದ ಸೇತುವೆ ಮೇಲೆ ಕಿಟಕಿ ಇಳಿಸಿ ಮೊದಲ ಮುಷ್ಟಿ ಮಂಡಕ್ಕಿ ತುಂಗಭದ್ರೆಗೆ. ಅದಾಗುವವರೆಗೆ ಯಾರೂ ತಿನ್ನೋ ಹಾಗಿಲ್ಲ, ಹಾಡು ಹಾಕೋ ಹಾಗಿಲ್ಲ. 2023ರಲ್ಲಿ ಇದನ್ನು ಮರೆತಿದ್ದೆವು. ಬಂಪರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ನನಗೂ ಗೊತ್ತು. ಆದರೂ ಯಾಕೆ ಸುಮ್ನೆ ರಿಸ್ಕು?

ಹುಬ್ಬಳ್ಳಿಯಿಂದ 52ನೇ ಹೆದ್ದಾರಿ. ಅಂಕೋಲಾದಿಂದ ಹೊರಟು ಪಂಜಾಬಿನ ಸಂಗ್ರೂರ್‌ವರೆಗೆ ಹೋಗುವ ರಸ್ತೆ ಇದು. ಮುಂಬೈ ಕಡೆಯ ಟ್ರಾಫಿಕ್ ಪೂರಾ ತಪ್ಪುತ್ತದೆ. ಮೊದಲ ದಿನದ ಸ್ಟಾಪು ಕೊಲ್ಹಾರ. ಕೃಷ್ಣೆಯ ಸೇತುವೆ ದಾಟಿದರೆ ಮಣ್ಣಿನ ಕುಡಿಕೆಯಲ್ಲಿ ಮೊಸರು. ಕುಡಿಕೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ರೊಟ್ಟಿ ಮುರಿದು, ಗುರೆಳ್ಳು ಪುಡಿ ಉದುರಿಸಿ, ಮೊಸರು ಹಚ್ಚಿ ತಿಂದರೆ ಮತ್ತೆ ಹಸಿವಾಗೋದು ಸೊಲ್ಲಾಪುರ ದಾಟಿದ ಮೇಲೆಯೇ. ರಾತ್ರಿ ಸಂಭಾಜಿನಗರ, ಅಂದರೆ ಹಳೇ ಔರಂಗಾಬಾದ್.

ಎರಡನೇ ದಿನ ಬೆಳಗ್ಗೆ ನನಗೆ ತುಂಬಾ ಇಷ್ಟವಾದ ಜಾಗ. ಸಂಭಾಜಿನಗರದಿಂದ ಧುಳೆ ಕಡೆಗೆ ಹೋಗುವಾಗ ಘಾಟ್ ಇಳಿಯುವ ಮುಂಚೆ ಒಂದು ಊರು ಬರುತ್ತದೆ. ಬೋರ್ಡಿನ ಮೇಲೆ ದೇವನಾಗರಿಯಲ್ಲಿ ‘ಕನ್ನಡ’ ಅಂತಲೇ ಬರೆದಿರುತ್ತಾರೆ. ಮರಾಠಿಯವರು ಕನ್ನಡ್ ಅನ್ನುತ್ತಾರೆ. ಆ ಬೋರ್ಡಿನ ಕೆಳಗೆ ನಿಂತು ತಲಾ ಒಂದು ರೊಟ್ಟಿ ತಿನ್ನೋದು ನಮ್ಮ ಪದ್ಧತಿ. ಅಲ್ಲಿಂದ ಘಾಟ್ ಇಳಿಯುವವರೆಗೆ ಒಂದು ಇಂಗ್ಲಿಷ್ ಶಬ್ದಕ್ಕೆ ಹತ್ತು ರೂಪಾಯಿ ದಂಡ. ಘಾಟಿನಲ್ಲಿ "ಬ್ರೇಕ್, ಬ್ರೇಕ್, ಬ್ರೇಕ್" ಅಂತ ಕೂಗಿದವನಿಗೆ ಮೂವತ್ತು ರೂಪಾಯಿ ಬಿತ್ತು. ಖಲ್‌ಘಾಟ್‌ನಲ್ಲಿ ನರ್ಮದೆಯ ನೀರಲ್ಲಿ ತಂಬಿಗೆ ತೊಳೆದು ಮುಂದೆ.

ಇಂದೋರಿನಲ್ಲಿ ಮಲಗಲೇಬೇಕು, ಯಾಕಂದರೆ ಪೋಹಾ ಬೆಳಗ್ಗೆಯದು. ಅದನ್ನು ಕುದಿಯುವ ನೀರಿನ ಪಾತ್ರೆ ಮೇಲೆ ಆವಿಯಲ್ಲೇ ಇಟ್ಟಿರುತ್ತಾರೆ. ಏಳು ಗಂಟೆಗೆ ಜನ ಮುಗಿಬಿದ್ದಿರುತ್ತಾರೆ, ಪಾತ್ರೆ ಖಾಲಿ ಆಗುತ್ತಲೇ ಇರುತ್ತದೆ. ಹಳೆಯದು ಉಳಿಯುವ ಪ್ರಶ್ನೆಯೇ ಇಲ್ಲ. ಮೇಲೆ ಸೇವ್, ಜೀರಾವನ್ ಮಸಾಲೆ, ಪಕ್ಕದಲ್ಲಿ ಜಿಲೇಬಿ. ದಿನಕ್ಕೊಂದೇ ತಿಂಡಿ ಅನ್ನೋ ನಿಯಮಕ್ಕೆ ಅವತ್ತೊಂದು ವಿನಾಯಿತಿ: ಕೋಟಾದಲ್ಲಿ ಕಚೋರಿ, ಇಂಗಿನ ಘಾಟು ಮೂಗಿಗೆ ಹೊಡೆಯುವಂಥದ್ದು. ಅಲ್ಲಿ ಮಾತ್ರ ಒಂದು ಷರತ್ತು: ಕಣ್ಣೆದುರು ಬಾಣಲೆಯಿಂದ ಎದ್ದಿದ್ದರೆ ಮಾತ್ರ. ರಾತ್ರಿ ಜೈಪುರ. ಜೈಪುರ ದಾಟಿದ ಮೇಲಿನ ನನ್ನ ಸ್ಟಾಪು ಯಾವುದು ಅಂತ ಕೇಳಬೇಡಿ. ಅಲ್ಲಿ ಕೂತು ತಿನ್ನೋಕೆ ಆರೇ ಮಂಚ ಇವೆ, ಇನ್ನೂ ನಾಲ್ಕು ಕಾರು ಬಂದರೆ ನನಗೆ ಜಾಗ ಸಿಗಲ್ಲ. ಪಂಜಾಬಿನಲ್ಲಿ ಪರಾಠದ ಮೇಲೆ ಬಿಳಿ ಬೆಣ್ಣೆ ಮುದ್ದೆ ಬಿದ್ದಾಗ ದಾವಣಗೆರೆಯವನ ಕಣ್ಣಲ್ಲಿ ನೀರು ಬರದೆ ಇರುತ್ತಾ?

ಬೆಣ್ಣೆ ಅಂದಾಗ ನೆನಪಾಯಿತು. 2023ರಲ್ಲಿ ಸೋಲಂಗ್‌ನಲ್ಲಿ ಬೆಣ್ಣೆ ದೋಸೆ ಮಾಡುವ ಹುಚ್ಚು ಹತ್ತಿತ್ತು. ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಉಬ್ಬಿ, ವಿಜಯಪುರದ ಹತ್ತಿರ ಮುಚ್ಚಳ ಹಾರಿ ಸೀಟೆಲ್ಲ ಹಿಟ್ಟು. ಹುಳಿ ವಾಸನೆ ಎರಡು ತಿಂಗಳು ಇತ್ತು. ಈ ಸಲ ಅಕ್ಕಿ, ಉದ್ದು ಒಯ್ದು ಅಲ್ಲೇ ಮಿಕ್ಸಿಯಲ್ಲಿ ರುಬ್ಬಿದೆ. ಅಲ್ಲಿ ಉಲ್ಟಾ ಕಥೆ. ಎರಡು ದಿನ ಇಟ್ಟರೂ ಹಿಟ್ಟು ಸತ್ತ ಹಾಗೆ ಬಿದ್ದಿತ್ತು. ಮೂರನೇ ರಾತ್ರಿ ಪಾತ್ರೆಗೆ ಟವೆಲ್ ಸುತ್ತಿ ನನ್ನ ರಜಾಯಿ ಒಳಗೆ, ಬಿಸಿನೀರಿನ ಚೀಲದ ಜೊತೆ ಮಲಗಿಸಿಕೊಂಡೆ. ಬೆಳಗ್ಗೆ ಒಂದಿಷ್ಟು ಉಬ್ಬಿತ್ತು. ದೋಸೆ ಆಯಿತು. ದಾವಣಗೆರೆ ದೋಸೆ ಅಂತ ಹೇಳಿಕೊಳ್ಳುವಂಥದ್ದಲ್ಲ. ರೂಮಿನವನು ಮಾತ್ರ ನಾಲ್ಕು ತಿಂದ.

ಐದನೇ ದಿನ ಬೆಟ್ಟ. ಕಿರತ್‌ಪುರದಿಂದ ನೇರ್‌ಚೌಕ್‌ಗೆ 2023ರಲ್ಲಿ ಸುರಂಗಗಳ ಹೊಸ ರಸ್ತೆ ತೆರೆದ ಮೇಲೆ ಎರಡು ಗಂಟೆ ಉಳಿಯುತ್ತದೆ. ಹೊಟ್ಟೆ ತೊಳಸುವ ತಿರುವುಗಳೂ ಕಡಿಮೆ. ಆದರೆ ಸ್ವಾರ್‌ಘಾಟ್‌ನ ನನ್ನ ಚಹಾ ಅಂಗಡಿ ಹಳೇ ರಸ್ತೆಯಲ್ಲೇ ಉಳಿಯಿತು. ಈಗ ನೇರ ಕುಲ್ಲೂವಿಗೆ ಹೋಗಿ ಸಿಡ್ಡು ತಿನ್ನುತ್ತೇವೆ. ಆವಿಯಲ್ಲಿ ಬೆಂದ ಗೋಧಿ ಕಡುಬು ಅಂದುಕೊಳ್ಳಿ. ಒಳಗೆ ಆಕ್ರೋಟಿನ ಹೂರಣ, ಮೇಲೆ ತುಪ್ಪ.

ಮನಾಲಿ ದಾಟುವಾಗ ಡಿಕ್ಕಿಯಲ್ಲಿ ಠಪ್ ಅಂತ ಸದ್ದು. ಟೈರ್ ಹೋಯಿತು ಅಂತ ಇಳಿದು ನೋಡಿದರೆ ಮಂಡಕ್ಕಿ ಪ್ಯಾಕೆಟ್! ಮೇಲೆ ಗಾಳಿಯ ಒತ್ತಡ ಕಡಿಮೆ, ಸೀಲ್ ಮಾಡಿದ ಪ್ಯಾಕೆಟ್ ಉಬ್ಬಿ ಒಡೆದಿತ್ತು. ಉಳಿದವಕ್ಕೆ ಸೂಜಿಯಿಂದ ತೂತು ಮಾಡಿ ಟೇಪು ಹಚ್ಚಿದೆವು.

ಇಳಿಜಾರಿನಲ್ಲಿ ಮಧ್ಯಾಹ್ನ ಸ್ಕೀ ಬಿಚ್ಚಿ ಅದರ ಮೇಲೇ ಕೂತು ಡಬ್ಬಿ ತೆಗೆದೆವು. ಅಲ್ಲಿಯ ಒಣ ಚಳಿಗೆ ರೊಟ್ಟಿ ಇನ್ನೂ ಗರಿಗರಿ, ಮುರಿದರೆ ಟಕ್ ಅನ್ನುತ್ತಿತ್ತು. ಶೇಂಗಾ ಎಣ್ಣೆ ಮಾತ್ರ ಬಾಟಲಿಯಲ್ಲಿ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು. ಬೋರಲು ಹಿಡಿದು ಬಡಿದರೂ ಹನಿ ಇಲ್ಲ. ಮರುದಿನದಿಂದ ಬಾಟಲಿ ನನ್ನ ಜಾಕೆಟ್ ಒಳಗೆ, ಬನಿಯನ್ನಿಗೆ ಅಂಟಿಕೊಂಡು. ಚಿಕ್ಕಿ ಒಯ್ಯಬೇಡಿ. ಚಳಿಗೆ ಕಲ್ಲಾಗುತ್ತದೆ. 2023ರಲ್ಲಿ ನನ್ನ ಹಲ್ಲಿನ ಸಿಮೆಂಟು ಕಿತ್ತು ಬಂದು ಎರಡೂವರೆ ಸಾವಿರ ಹೋಗಿದೆ. ಅಂಟಿನ ಉಂಡೆಯಲ್ಲಿ ಕೊಬ್ಬರಿ ಜಾಸ್ತಿ ಹಾಕಿಸಿದರೆ ಆ ಚಳಿಯಲ್ಲೂ ಹಲ್ಲಿಗೆ ದಕ್ಕುತ್ತದೆ. ನಮಗೆ ಕಲಿಸುತ್ತಿದ್ದ ಹುಡುಗ ಮೊದಲ ದಿನ ಒಂದು ಕಚ್ಚಿ ನೋಡಿದ, ಎರಡನೇ ದಿನ ಕೇಳಿ ಇಸಿದುಕೊಂಡ. ಮೂರನೇ ದಿನದಿಂದ ನನ್ನ ತಿರುವು ತಿದ್ದೋಕೆ ಅವನಿಗೆ ತಾಳ್ಮೆ ಜಾಸ್ತಿಯಾಯಿತು.

ಉಳಿಸಿದ ದುಡ್ಡಲ್ಲಿ ಮನಾಲಿಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೀ ಬೂಟು ತಗೊಂಡೆ, ಒಂಬತ್ತು ಸಾವಿರ ಹೇಳಿ ಏಳಕ್ಕೆ ಕೊಟ್ಟ. ಬಾಡಿಗೆ ಬೂಟಿನಲ್ಲಿ ಮೀನಖಂಡ ಸುಲಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ವಾಪಸ್ ಬರುವಾಗ ಹರಿಹರದ ಸೇತುವೆಗೆ ಬಂದಾಗ ನಸುಕು. ಡಬ್ಬಿಯಲ್ಲಿ ಒಂಬತ್ತು ರೊಟ್ಟಿ ಉಳಿದಿತ್ತು, ಒಂದನ್ನು ಪುಡಿ ಮಾಡಿ ನದಿಗೆ ಹಾಕಿದೆವು. ದಾವಣಗೆರೆಯಲ್ಲಿ ಹೋಟೆಲ್ ಬಾಗಿಲು ತೆಗೆಯುವುದನ್ನೇ ಕಾದು, ಕಾರಿನ ಮೇಲೆ ಸ್ಕೀ ಬೂಟು ಕಟ್ಟಿದ್ದ ಹಾಗೇ ನಿಲ್ಲಿಸಿ, ತಲಾ ಮೂರು ಬೆಣ್ಣೆ ಖಾಲಿ ದೋಸೆ ಹೊಡೆದೆವು. ಆ ಎಂಟು ರೊಟ್ಟಿ ಭಾವನ ಮನೆಗೆ ಕಳಿಸಿದೆ, ಹಿಮಾಲಯ ನೋಡಿ ಬಂದ ರೊಟ್ಟಿ ಅಂತ. ಮೊನ್ನೆ ಫೋನ್ ಮಾಡಿ, ಮುಂದಿನ ಸಲ ಕಾರಲ್ಲಿ ಸೀಟು ಇದೆಯಾ ಅಂತ ಕೇಳಿದರು. ರೊಟ್ಟಿ ಮಧ್ಯೆ ಏನಿಡ್ತೀಯ ಅಂತಲೂ ಕೇಳಿದರು. ಸೀಟು ಇದೆ ಅಂದೆ.