ಸ್ಕ್ರಾಲ್ ಎಕ್ಸ್‌ಪ್ಯಾಂಡರ್ ಮಾಡೆಲ್: ಫ್ಲೂಯಿಡ್ ಬದಲಿಸುವ ಮುನ್ನ

ಸ್ಕ್ರಾಲ್ ಎಕ್ಸ್‌ಪ್ಯಾಂಡರ್ ಎಂದರೆ ಸುರುಳಿಯಾಕಾರದ ಭಾಗಗಳ ನಡುವೆ ಆವಿ ಹಿಗ್ಗಿ ಕೆಲಸ ಕೊಡುವ ಯಂತ್ರ. ಅದರ ಲೆಕ್ಕದ ಮಾಡೆಲ್‌ನಲ್ಲಿ ಒಂದು ಫ್ಲೂಯಿಡ್‌ಗೆ (ಆವಿಯಾಗಿ ಯಂತ್ರ ಓಡಿಸುವ ದ್ರವ) ಸಿಕ್ಕ ಶೇ 70ರ ದಕ್ಷತೆಯನ್ನೇ ಇನ್ನೊಂದಕ್ಕೂ ಹಾಕಿ ಹೋಲಿಸುವವರು ತುಂಬಾ ಜನ. ಆ ಅಂಕಿ ಲೆಕ್ಕದ ಕೊನೆಗೆ ತಾನಾಗಿ ಬರಬೇಕು.

ಮೊದಲು ಬೇಕಾದವು: ಒಂದು ಸುತ್ತಿಗೆ ಒಳಗೆ ಹೋಗುವ ಆವಿಯ ಗಾತ್ರ, ವೇಗ, ಒಳಬರುವ ಪ್ರೆಶರ್ ಮತ್ತು ತಾಪಮಾನ, ಹೊರಗಿನ ಪ್ರೆಶರ್, ಯಂತ್ರದ ಬಿಲ್ಟ್‌ಇನ್ ವಾಲ್ಯೂಮ್ ರೇಶಿಯೊ (ಯಂತ್ರದೊಳಗೆ ಆವಿ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಸ್ಥಿರ ಅಳತೆ). ಫ್ಲೂಯಿಡ್‌ನ ಗುಣಗಳಿಗೆ ಕೂಲ್‌ಪ್ರಾಪ್ ಎಂಬ ಸಾಫ್ಟ್‌ವೇರ್ ಬಳಸಿ. ಐಡಿಯಲ್ ಗ್ಯಾಸ್ ಸೂತ್ರ ಬೇಡವೇ ಬೇಡ. ಸ್ಯಾಚುರೇಶನ್ (ಆವಿ ದ್ರವವಾಗಲು ತೊಡಗುವ ಸ್ಥಿತಿ) ಹತ್ತಿರ ಅದು ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ.

ಜನ ಎಡವುವುದು ವಿಸ್ತರಣೆಯ ಲೆಕ್ಕದಲ್ಲಿ. ಅದನ್ನು ಎರಡು ತುಂಡು ಮಾಡಿ. ಆರ್245ಎಫ್‌ಎ ಎಂಬ ಫ್ಲೂಯಿಡ್ 80 ಡಿಗ್ರಿ ಸೆಲ್ಸಿಯಸ್‌ನ ಒಣ ಆವಿಯಾಗಿ ಒಳಗೆ ಬಂತು ಅಂದುಕೊಳ್ಳಿ, ಪ್ರೆಶರ್ 7.9 ಬಾರ್. ಕಂಡೆನ್ಸರ್ (ಆವಿಯನ್ನು ಮತ್ತೆ ದ್ರವ ಮಾಡುವ ಭಾಗ) 30 ಡಿಗ್ರಿಯಲ್ಲಿದ್ದರೆ ಹೊರಗೆ 1.8 ಬಾರ್. ವಾಲ್ಯೂಮ್ ರೇಶಿಯೊ 3 ಆದರೆ ಆವಿ ಮೂರು ಪಟ್ಟು ಹಿಗ್ಗುತ್ತದೆ, ಅಷ್ಟೇ. ಎಂಟ್ರೊಪಿ ಹಾಗೇ ಇಟ್ಟು (ಅಂದರೆ ಶಾಖ, ಘರ್ಷಣೆಯ ನಷ್ಟ ಇಲ್ಲವೆಂದುಕೊಂಡು) ಆ ಗಾತ್ರದಲ್ಲಿ ಪ್ರೆಶರ್ ಹುಡುಕಿ: ಸುಮಾರು 2.7 ಬಾರ್ ಬರುತ್ತದೆ. ಇಲ್ಲಿವರೆಗಿನ ಕೆಲಸ ಎಂಥಾಲ್ಪಿಯ (ಆವಿಯಲ್ಲಿರುವ ಶಕ್ತಿಯ ಒಂದು ಅಳತೆ) ವ್ಯತ್ಯಾಸ. ಆಮೇಲೆ ಆವಿ ಹೊರಹೋಗುವ ಬಾಗಿಲು ತೆರೆದ ಕ್ಷಣ ಪ್ರೆಶರ್ ದಿಢೀರನೆ ಇಳಿಯುತ್ತದೆ. ಆಗ ಸಿಗುವುದು ಆ ಗಾತ್ರ ಇಂಟು ಪ್ರೆಶರ್ ವ್ಯತ್ಯಾಸ, ಅಷ್ಟು ಮಾತ್ರ. ಉಳಿದದ್ದು ನಷ್ಟ. ಒಳಗಿನ ಪ್ರೆಶರ್ ಹೊರಗಿನದಕ್ಕಿಂತ ಕೆಳಗಿಳಿದರೆ ಈ ಎರಡನೇ ತುಂಡು ಮೈನಸ್ ಆಗುತ್ತದೆ. ಅದನ್ನು ಸುಮ್ನೆ ಸೊನ್ನೆ ಮಾಡಿಬಿಡುವವರಿದ್ದಾರೆ. ದಯವಿಟ್ಟು ಬೇಡ, ಅದು ನಿಜವಾದ ನಷ್ಟ. ಬಾರ್‌ಗಳನ್ನು ಪಾಸ್ಕಲ್‌ಗೆ ಬದಲಿಸುವುದನ್ನೂ ಮರೆಯಬೇಡಿ.

ಅದೇ ತಾಪಮಾನಗಳಲ್ಲಿ ಆರ್134ಎ ಎಂಬ ಇನ್ನೊಂದು ಫ್ಲೂಯಿಡ್ ಹಾಕಿದರೆ 26 ಬಾರ್‌ನಿಂದ 7.7ಕ್ಕೆ. ಪ್ರೆಶರ್ ರೇಶಿಯೊ 4.4ರಿಂದ 3.4ಕ್ಕೆ ಇಳಿಯಿತು. ಆದರೆ ಅದರ ಆವಿ ಮೂರು ಪಟ್ಟಿಗೂ ಜಾಸ್ತಿ ದಟ್ಟ. ಅದೇ ಯಂತ್ರ, ಅದೇ ವೇಗ, ಹರಿವು ಮಾತ್ರ ಬೇರೆಯೇ. ಸೂಪರ್‌ಹೀಟ್ (ಆವಿಯಾದ ಮೇಲೂ ಇನ್ನಷ್ಟು ಬಿಸಿ) ಕೊಡದಿದ್ದರೆ ವಿಸ್ತರಣೆಯಲ್ಲಿ ಹನಿಯೂ ಕಟ್ಟುತ್ತದೆ. ಆರ್245ಎಫ್‌ಎಗೆ ಆ ಚಿಂತೆ ಇಲ್ಲ.

ಸೋರಿಕೆಯನ್ನು ಸಣ್ಣ ನಾಜಲ್ ಎಂದು ಲೆಕ್ಕ ಹಾಕಿ. ಹರಿವು ಚೋಕ್ ಆಗಿದೆಯೇ (ಹೊರಗಿನ ಪ್ರೆಶರ್ ಇಳಿಸಿದರೂ ಹೆಚ್ಚದ ಮಿತಿಗೆ ಬಂದಿದೆಯೇ) ಎಂದು ಪ್ರತಿ ಸಲವೂ ನೋಡಿ. ಇಲ್ಲದಿದ್ದರೆ ಸೋರಿಕೆ ತಪ್ಪಾಗಿ ಬರುತ್ತದೆ. ಗೋಡೆಗೆ ಹೋಗುವ ಶಾಖ, ಬೇರಿಂಗ್ ಘರ್ಷಣೆ, ಹೊರಗಿನ ಗಾಳಿಗೆ ಹೋಗುವ ಶಾಖ, ಇವನ್ನೆಲ್ಲ ಒಂದೇ ಗೋಡೆಯ ತಾಪಮಾನದಲ್ಲಿ ಸರಿದೂಗಿಸಿದರೆ ಸಾಕು.

ಕೊನೆಗೆ ಹೊಂದಾಣಿಕೆ. ಸೋರಿಕೆಯ ಕಿಂಡಿಯ ಅಳತೆ ಹಳೆಯ ಫ್ಲೂಯಿಡ್‌ನ ಪರೀಕ್ಷೆಯಿಂದ ಬಂದದ್ದು, ಅಲ್ವಾ? ಫ್ಲೂಯಿಡ್ ಜೊತೆ ಲೂಬ್ರಿಕೇಶನ್ ಎಣ್ಣೆ ಬದಲಾದರೆ ಅದೂ ಬದಲಾಗುತ್ತದೆ. ಹೊಸ ಫ್ಲೂಯಿಡ್‌ನಲ್ಲಿ ಪರೀಕ್ಷೆ ಮಾಡಿಲ್ಲವೆಂದರೆ ಆ ಅಳತೆಯನ್ನು ಹಿಂದೆ ಮುಂದೆ ಸರಿಸಿ ನೋಡಿ. ಎರಡು ಫ್ಲೂಯಿಡ್‌ಗಳ ನಡುವಿನ ವ್ಯತ್ಯಾಸ ಅಷ್ಟಕ್ಕೇ ಅಳಿಸಿಹೋದರೆ, ಯಾವುದು ಮೇಲು ಎಂದು ಬರೆಯಬೇಡಿ.