ನೀರಿನ ಲೆಕ್ಕಕ್ಕೆ ಒಂದು ಬಾಟಲಿ ಸಾಕು

ಹಾರ್ಟ್ ಫೇಲ್ಯೂರ್ (ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡಲಾಗದ ತೊಂದರೆ) ಇರುವವರಿಗೆ ಡಾಕ್ಟರು ದಿನಕ್ಕೆ 1.5 ಲೀಟರ್ ಮಾತ್ರ ಅಂದಿದ್ದರೆ, ಬೆಳಿಗ್ಗೆಯೇ ಅಷ್ಟು ನೀರು ಅಳೆದು ಬಾಟಲಿಗೆ ತುಂಬಿಡಿ. ಕುಡಿಯೋದೆಲ್ಲ ಅದರಿಂದಲೇ. ಚಹಾ, ಮಜ್ಜಿಗೆ, ಕಟ್ಟಿನ ಸಾರು ಕುಡಿದಾಗ ಅಷ್ಟೇ ನೀರನ್ನು ಬಾಟಲಿಯಿಂದ ತುಳಸಿಗೆ ಸುರಿಯಿರಿ. ಬಾಟಲಿ ಖಾಲಿ ಆದರೆ ದಿನದ ಲೆಕ್ಕ ಮುಗೀತು. ಲೋಟ ಎಣಿಸುವಾಗ ಚಹಾ ಮರೆತೇ ಹೋಗುತ್ತೆ, ಇಲ್ಲಿ ಉಳಿದದ್ದು ಕಣ್ಣಿಗೇ ಕಾಣುತ್ತೆ. ಮನೆಯವರು ಅದೇ ಬಾಟಲಿ ಎತ್ತಿ ಕುಡಿದರೆ ಎಲ್ಲ ಕೆಟ್ಟಂತೆ, ಅದಕ್ಕೇ ಹೆಸರು ಬರೆದಿಡಿ. ಮಿರ್ಚಿ, ಗಿರ್ಮಿಟ್, ಉಪ್ಪಿನಕಾಯಿ ತಿಂದ ದಿನ ಮಧ್ಯಾಹ್ನಕ್ಕೇ ಬಾಟಲಿ ಬರಿದು, ಉಪ್ಪು ಬಾಯಾರಿಸುತ್ತೆ ಅಲ್ವಾ! ವಾಂತಿ, ಭೇದಿ ಆದಾಗ, ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ತಲೆ ಸುತ್ತಿದಾಗ ಸುಮ್ನೆ ಈ ಲೆಕ್ಕ ಹಿಡಿದು ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ. 2-3 ದಿನದಲ್ಲಿ 2 ಕಿಲೋ ತೂಕ ಏರಿದರೂ ಫೋನ್ ಮಾಡಿ.